ಒಂದೇ ಕಡೆ ಎರಡು ಕ್ಲಾಂಪು

ಹೋದ ವಾರ ನನ್ನ ಮೊಮ್ಮಗಳು ನಮ್ಮ ಹಳೆ ಕಾರಿನ ಅಡಿಯಿಂದ ತೆವಳಿಕೊಂಡು ಹೊರಗೆ ಬಂದು ನನ್ನ ಅಂಗೈಯಲ್ಲಿ ಗೇಣುದ್ದದ ಒಂದು ರಬ್ಬರ್ ಪೈಪು ಇಟ್ಟಳು. ಒಣಗಿದ ನುಗ್ಗೆಕಾಯಿಯ ಹಾಗೆ ಸೀಳು ಬಿಟ್ಟಿತ್ತು. ಒಂದು ತುದಿಗೆ ಪೈಪು ಬಿಗಿಯುವ, ತುಕ್ಕು ಹಿಡಿದ ಎರಡು ಕ್ಲಾಂಪು, ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು.

“ಅಜ್ಜಿ, ಉಳಿದ ಕಡೆ ಎಲ್ಲಾ ಒಂದೊಂದ ಅದಾವು. ಇಲ್ಲಿ ಮಾತ್ರ ಎರಡು. ಯಾವ ಶಾಣ್ಯಾ ಹಾಕ್ಯಾನ ಇದನ್ನ?”

ಮೂಸಿ ನೋಡು, ತಲೆ ತಿರುಗುವಷ್ಟು ಪೆಟ್ರೋಲ್ ನಾತ ಹೊಡೆಯುತ್ತದೆ ಅಂದಳು. ಮೂಗಿಗೆ ಹಿಡಿದೆ. ಏನೂ ಇಲ್ಲ. ಎರಡು ವರ್ಷದ ಹಿಂದೆ ಒಂದು ಜ್ವರ ಬಂದು ಹೋದಾಗ ನನ್ನ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ನನ್ನನ್ನು ಗ್ಯಾಸ್ ಒಲೆಯ ಹತ್ತಿರ ಬಿಡುವುದಿಲ್ಲ, ಆಮೇಲೆ ಮಧ್ಯಾಹ್ನ ಕದ್ದು ಭಜಿ ಕರಿದು ತಿನ್ನುವುದು ಹೇಗೆ? “ಏನ್ ನಾತ ಅದ ಯವ್ವಾ” ಎಂದು ಮುಖ ಕಿವುಚಿ ತೋರಿಸಿದೆ. ನಂಬಿದಳು.

ಆದರೆ ಆ ಎರಡನೆಯ ಕ್ಲಾಂಪು ಹಾಕಿದ ಶಾಣ್ಯಾ ಯಾರೆಂದು ನನಗೆ ಗೊತ್ತಿತ್ತು...

ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಯ ಎದುರಿಗೆ ಆಗ ಬೇವಿನ ಮರದ ಕೆಳಗೆ ತಗಡಿನ ಒಂದು ಶೆಡ್ಡು ಇತ್ತು. ಅಲ್ಲಿ ಒಬ್ಬ ಮಿಸ್ತ್ರಿ ಕಾರು ರಿಪೇರಿ ಮಾಡುತ್ತಿದ್ದರು. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ, ಕಾರಿನ ಜೊತೆ ಮೂರೂ ಭಾಷೆಯ ಬೈಗುಳ. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವರು ಎಂದು ಮಿಲಿಟರಿ ಕ್ಯಾಂಪಿನ ಕಡೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ನಮ್ಮವರು ನಿವೃತ್ತ ಮಿಲಿಟರಿ ಸಾಹೇಬರೊಬ್ಬರಿಂದ ಹಾಲು ಹೆಚ್ಚಾದ ಚಹಾದ ಬಣ್ಣದ ಈ ಸಣ್ಣ ಕಾರನ್ನು ಕೊಂಡಿದ್ದೇ ಆ ಮಿಸ್ತ್ರಿಯ ಧೈರ್ಯದ ಮೇಲೆ.

ನನಗಾಗ ಇಪ್ಪತ್ಮೂರು ವರ್ಷ. ಒಂದು ಮಧ್ಯಾಹ್ನ ಶೆಡ್ಡಿನ ಮುಂದೆ ಹಾಯುವಾಗ ಮಿಸ್ತ್ರಿ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು. ಬದನೆಕಾಯಿ ಪಲ್ಯ ಹಳಸಿದ ವಾಸನೆ ರಸ್ತೆಯವರೆಗೆ ಬರುತ್ತಿತ್ತು. ಅವರು ಮಾತ್ರ ಸಮಾಧಾನದಿಂದ ತಿನ್ನುತ್ತಿದ್ದರು. ಪಲ್ಯ ಹಳಸಿದೆ ಎಂದು ಹೇಳಿದೆ. ಅವರ ಕೈ ತುತ್ತಿನ ಜೊತೆ ಅಲ್ಲೇ ನಿಂತಿತು. ಆಚೀಚೆ ನೋಡಿ ಹೇಳಿದರು, “ಅಕ್ಕಾರ, ಯಾರ ಮುಂದನೂ ಹೇಳಬ್ಯಾಡ್ರಿ. ಮೂಗಿಲ್ಲದ ಮಿಸ್ತ್ರಿ ಕಡೆ ಯಾರು ಗಾಡಿ ಬಿಡ್ತಾರ?”

ಇಪ್ಪತ್ತು ವರ್ಷ ಪೈಪಿಗೆ ಬಾಯಿ ಹಚ್ಚಿ ಪೆಟ್ರೋಲ್ ಎಳೆದು ಎಳೆದು ಅವರಿಗೆ ವಾಸನೆಯೇ ಹೋಗಿಬಿಟ್ಟಿತ್ತು. ಪೆಟ್ರೋಲ್ ಸೋರಿದರೆ ತಿಳಿಯುತ್ತಿರಲಿಲ್ಲ. ಆ ದಿನದಿಂದ ನಾನು ಅವರ ಮೂಗಾದೆ. ಪೆಟ್ರೋಲ್ ಪೈಪಿನ ಕೆಲಸ ಮುಗಿದರೆ ಇಂಜಿನ್ ಚಾಲು ಇಟ್ಟು, ಕುಡಿಯಲು ನೀರು ಬೇಕೆಂದು ನಮ್ಮ ಮನೆಯ ಕಡೆ ಕೂಗುತ್ತಿದ್ದರು. ಮಿಸ್ತ್ರಿಗೆಂದು ಅತ್ತೆ ಬೇರೆಯೇ ಇಟ್ಟಿದ್ದ ಸ್ಟೀಲಿನ ಚಂಬಿನಲ್ಲಿ ನೀರು ತುಂಬಿಕೊಂಡು ನಾನು ಹೋಗಿ ಕಾರಿನ ಸುತ್ತ ಒಂದು ಸುತ್ತು ಹಾಕುತ್ತಿದ್ದೆ. ವಾಸನೆ ಬಂದರೆ, ಬಂದ ಜಾಗದಲ್ಲಿ ಚಂಬನ್ನು ನೆಲಕ್ಕೆ ಇಡುತ್ತಿದ್ದೆ. ಬರದಿದ್ದರೆ ಅವರ ಕೈಗೇ ಕೊಡುತ್ತಿದ್ದೆ. ಗಿರಾಕಿಗಳಿಗೆ ಏನು ಗೊತ್ತು? ಶರಣರ ಮನೆಯ ಸೊಸೆ ನೀರು ಕೊಡುತ್ತಿದ್ದಾಳೆ, ಪುಣ್ಯವಂತೆ ಅಂದುಕೊಳ್ಳುತ್ತಿದ್ದರು. ನನಗೂ ಒಳಗೊಳಗೇ ಖುಷಿ. ಮನೆಯಲ್ಲಿ ನಾನು ಹೇಳಿದ್ದಕ್ಕೆ ಯಾರೂ ಸೊಪ್ಪು ಹಾಕದ ದಿನಗಳಲ್ಲಿ, ನನ್ನ ಮೂಗು ಹೂಂ ಅಂದ ಮೇಲೇ ಬೆಳಗಾವಿಯ ಅರ್ಧ ಕಾರುಗಳು ರಸ್ತೆಗೆ ಇಳಿಯುತ್ತಿದ್ದವು.

ನಮ್ಮ ಕಾರಿನ ಪೆಟ್ರೋಲ್ ಪೈಪುಗಳು ಹಳತಾಗಿದ್ದವು. ಹಿಂದಿನ ಪೆಟ್ರೋಲ್ ಟಾಕಿಯಿಂದ ಮುಂದಿನ ಇಂಜಿನ್ನಿನವರೆಗೆ ಎಲ್ಲ ಕಿತ್ತು ಹೊಸದಾಗಿ ತಾಮ್ರದ ನಳಿಕೆ, ಕೂಡುವ ಕಡೆಗೆಲ್ಲ ಹೊಸ ರಬ್ಬರು ಹಾಕುವುದು ಎಂದು ಮಿಸ್ತ್ರಿ ಮೂರು ದಿನ ಕೂತರು. ಮೂರನೆಯ ದಿನ ನಮ್ಮವರಿಗೆ ಅವಸರ. ಖಾನಾಪುರದಲ್ಲಿದ್ದ ಅವರ ಅಕ್ಕನಿಗೆ ಕಾರಿನ ಹೊಸ ಕೆಲಸ ತೋರಿಸಬೇಕು, ಎರಡು ವರ್ಷದ ನಮ್ಮ ಮಗಳನ್ನೂ ತೋರಿಸಬೇಕು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಅತ್ತೆ ಹೊರಟರು. ನಾನು ಮನೆ ಕಾಯಬೇಕು.

ಹೊರಡುವ ಗಡಿಬಿಡಿಯಲ್ಲಿ ಅತ್ತೆ ತಮ್ಮ ನಶ್ಯದ ಡಬ್ಬಿಯನ್ನು ಕಿಟಕಿಯಲ್ಲೇ ಬಿಟ್ಟಿದ್ದರು. ತಪಕೀರ ಅನ್ನುತ್ತಿದ್ದರು ಅವರು. ನನಗೆ ಮೊದಲಿಂದಲೂ ಅದರ ಮೇಲೆ ಕಣ್ಣು. ಚಿಟಿಕೆ ತೆಗೆದು ಒಂದು ಹೊಳ್ಳೆಗೆ ಏರಿಸಿದೆ. ಇನ್ನೊಂದು ಹೊಳ್ಳೆ ಏನು ಪಾಪ ಮಾಡಿತ್ತು ಎಂದು ಅದಕ್ಕೂ ಕೊಟ್ಟೆ. ಕಣ್ಣಲ್ಲಿ ನೀರು, ತಲೆಯಲ್ಲಿ ಘಂಟೆ. ಅಷ್ಟರಲ್ಲಿ ಎದುರಿನಿಂದ ಮಿಸ್ತ್ರಿ ನೀರು ಕೇಳಿದರು.

ಕಾರಿನ ಸುತ್ತ ಹೋದೆ. ಏನೂ ವಾಸನೆ ಬರಲಿಲ್ಲ. ಬರುವುದಾದರೂ ಹೇಗೆ? ಇವತ್ತು ನನ್ನ ಮೂಗು ಸರಿಯಿಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಅತ್ತೆ ಅಲ್ಲೇ ನಿಂತಿದ್ದರು... ಚಂಬನ್ನು ಮಿಸ್ತ್ರಿಯ ಕೈಗೆ ಕೊಟ್ಟೆ. ಅವರು ನೀರು ಕುಡಿದು ಬಾನೆಟ್ ಮುಚ್ಚಿದರು. ಮಗಳು ಅಜ್ಜಿಯ ತೊಡೆಯಿಂದ ನನಗೆ ಟಾಟಾ ಮಾಡಿದಳು.

ಕಾರು ಹೋಗಿ ಹತ್ತು ನಿಮಿಷವಾಗಿರಬಹುದು. ಚಂಬು ಇಸಿದುಕೊಳ್ಳಲು ಹೋದವಳಿಗೆ ಸೀನು ಬಂತು. ಸೆರಗಿನ ತುದಿಗೆ ಕಂದು ಕಲೆ. ಮಿಸ್ತ್ರಿ ಆ ಕಲೆಯನ್ನೇ ನೋಡಿದರು.

“ಅಕ್ಕಾರ, ಯಾವಾಗ ಏರಸಿದ್ರಿ?”

“ನೀವು ನೀರು ಕೇಳೂಕ್ಕಿಂತ ಸ್ವಲ್ಪ ಮೊದಲ.”

ಅವರು ಕಾರಿನ ಮೂತಿ ಎಲ್ಲಿ ನಿಂತಿತ್ತೋ ಅಲ್ಲಿ ಮಂಡಿಯೂರಿ ಕೂತು ಅಂಗೈಯನ್ನು ಮಣ್ಣಿಗೆ ಒತ್ತಿದರು. ಶೆಡ್ಡಿನ ನೆಲವೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು, ಕಣ್ಣಿಗೆ ಏನೂ ತಿಳಿಯುತ್ತಿರಲಿಲ್ಲ. “ತಂಪ ಐತಿ” ಅಂದರು. ಎಣ್ಣೆ ಬಿದ್ದ ಮಣ್ಣು ತಂಪಾಗುವುದಿಲ್ಲ, ಪೆಟ್ರೋಲ್ ಬಿದ್ದ ಮಣ್ಣು ಅದು ಆರುವಾಗ ತಂಪಾಗುತ್ತದೆ. ಅಷ್ಟು ಹೇಳುವಾಗಲೇ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು.

“ನೀವೂ ಬರ್ರಿ. ನಾ ಕೈ ಮಾಡಿದ್ರ ನಿಮ್ಮವರು ನಿಲ್ಸೂದಿಲ್ಲ.”

ಮಿಸ್ತ್ರಿಯ ಸ್ಕೂಟರಿನ ಹಿಂದೆ ಸೆರಗು ಬಿಗಿದುಕೊಂಡು ಕೂತ ನನ್ನನ್ನು ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ನನಗೆ ಅದ್ಯಾವುದರ ಪರಿವೆ ಇರಲಿಲ್ಲ. ಮಿಸ್ತ್ರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ನನಗೆ ಗೊತ್ತಿತ್ತು. ನಮ್ಮವರು ತಾಯಿಯ ಮುಂದೆ ಸಿಗರೇಟು ಸೇದುತ್ತಿರಲಿಲ್ಲ. ಖಾನಾಪುರಕ್ಕೆ ಹೋಗುವಾಗಲೆಲ್ಲ ದೇಸೂರು ದಾಟಿದ ಮೇಲೆ ಒಂದು ಮಾವಿನ ಮರದ ಕೆಳಗೆ ಕಾರು ನಿಲ್ಲಿಸಿ, ಇಂಜಿನ್ನಿನ ನೀರು ನೋಡುತ್ತೇನೆ ಎಂದು ಬಾನೆಟ್ ಎತ್ತಿ, ಅದರ ಮರೆಯಲ್ಲಿ ನಿಂತು ಹಚ್ಚುತ್ತಿದ್ದರು. ಮೇಲೆ ಹೊಗೆ ಕಂಡು ಅತ್ತೆ ಕೇಳಿದರೆ, ಹಳೆ ಗಾಡಿಯಲ್ಲವೇ, ಹೊಗೆ ಬಿಡುತ್ತದೆ ಎಂದು ನಾನೇ ಎಷ್ಟೋ ಸಲ ಸಮಜಾಯಿಷಿ ಕೊಟ್ಟಿದ್ದೆ.

ಆ ಮರ ಬರುವುದರೊಳಗೆ ಅವರನ್ನು ಹಿಡಿಯಬೇಕಿತ್ತು. ಮಿಸ್ತ್ರಿಯ ಕಿವಿಯಲ್ಲಿ ಕೂಗಿ ಹೇಳಿದೆ. ಅವರ ಬೆನ್ನು ಕಲ್ಲಿನಂತಾಯಿತು.

ರೈಲ್ವೆ ಗೇಟು ಮುಚ್ಚಿತ್ತು. ಗೂಡ್ಸ್ ಗಾಡಿ ಬಂತು, ಮುಗಿಯುತ್ತಲೇ ಇಲ್ಲ. ನಮ್ಮ ಕಾರು ಗೇಟಿನ ಈಚೆ ಇರಲಿಲ್ಲ, ಅಂದರೆ ದಾಟಿ ಹೋಗಿದೆ. ನಮ್ಮವರು ಎತ್ತಿನ ಬಂಡಿಯ ಹಾಗೆ ಓಡಿಸುತ್ತಾರೆ ಎಂದು ಯಾವಾಗಲೂ ನಗುತ್ತಿದ್ದೆ. ಅವತ್ತು ಇನ್ನೂ ನಿಧಾನ ಓಡಿಸಲಿ ಎಂದು ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಗೇಟು ತೆರೆಯಿತು. ಮಚ್ಛೆ ಊರು ಬಂತು, ಹೋಯಿತು. ಮುಂದೆ ಎಲ್ಲಿಯೋ ಬೇಲಿಯಾಚೆ ಹೊಗೆ ಕಂಡಿತು. ಹತ್ತಿರ ಹೋದರೆ ಯಾರೋ ಹೊಲದಲ್ಲಿ ಕಸ ಸುಡುತ್ತಿದ್ದರು. ಬರೀ ಕಸ...

ಮಾವಿನ ಮರದ ಕೆಳಗೆ ಕಾರು ನಿಂತಿತ್ತು. ಬಾನೆಟ್ ಎತ್ತಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ಹೆಗಲ ಮೇಲೆ ಮಲಗಿದ ಮಗಳ ತಲೆ. ಸ್ಕೂಟರು ಪೂರ್ತಿ ನಿಲ್ಲುವ ಮೊದಲೇ ಮಿಸ್ತ್ರಿ ಅದನ್ನು ಬಿಟ್ಟು ಓಡಿದರು. ಸ್ಕೂಟರು, ನಾನು ಇಬ್ಬರೂ ಮಣ್ಣಿಗೆ ಬಿದ್ದೆವು. ಬಿದ್ದಲ್ಲಿಂದಲೇ ಕಂಡೆ. ನಮ್ಮವರ ತುಟಿಯಲ್ಲಿ ಸಿಗರೇಟು, ಒಂದು ಕೈಯಲ್ಲಿ ಕಡ್ಡಿಪೆಟ್ಟಿಗೆ, ಇನ್ನೊಂದರಲ್ಲಿ ಕಡ್ಡಿ. ಮಿಸ್ತ್ರಿ ಆ ಕೈಯ ಮೇಲೆ ಫಟ್ಟನೆ ಹೊಡೆದರು. ಕಡ್ಡಿಗಳೆಲ್ಲ ರಸ್ತೆಯ ತುಂಬ ಚೆಲ್ಲಿದವು.

ಅತ್ತೆ ಇಳಿದು ಬಂದರು. ನೆಲದ ಮೇಲೆ ಬಿದ್ದ ಸಿಗರೇಟನ್ನು ನೋಡಿದರು, ಮಗನನ್ನು ನೋಡಿದರು, ಮಣ್ಣು ಮೆತ್ತಿಕೊಂಡ ನನ್ನನ್ನು ನೋಡಿದರು. ನಮ್ಮವರಿಗೆ ನೆಗಡಿಯಾಗಿ ಎರಡು ದಿನವಾಗಿತ್ತು, ಅತ್ತೆಯ ಮೂಗು ನಶ್ಯದಲ್ಲೇ ಹಣ್ಣಾಗಿತ್ತು. ಅಷ್ಟು ಜನ ಆ ಕಾರಿನ ಸುತ್ತ ನಿಂತಿದ್ದೆವು, ಒಬ್ಬರಿಗೂ ವಾಸನೆ ಬರುತ್ತಿರಲಿಲ್ಲ. ಆಮೇಲೆ ಎಷ್ಟೋ ಸಲ ಇದನ್ನು ನೆನೆದು ನಕ್ಕಿದ್ದೇನೆ, ಅವತ್ತಲ್ಲ.

ಮಿಸ್ತ್ರಿ ಪೈಪಿನ ಉದ್ದಕ್ಕೂ ಬೆರಳಾಡಿಸಿ ಒಂದು ಕಡೆ ನಿಂತರು. “ನನ್ನ ಬೆರಳು ದಡ್ಡುಗಟ್ಟ್ಯಾವ. ಅಕ್ಕಾರ, ನೀವ ಹಚ್ಚಿ ನೋಡ್ರಿ.” ಹಚ್ಚಿದೆ. ಬಿಸಿ ಇಂಜಿನ್ನಿನ ಮಗ್ಗುಲಲ್ಲಿ ಆ ಒಂದು ಜಾಗ ಮಾತ್ರ ಮಂಜಿನ ಹಾಗೆ ತಣ್ಣಗಿತ್ತು. ಅವರು ಅಂಗಿಯ ಜೇಬಿನಿಂದ ಇನ್ನೊಂದು ಕ್ಲಾಂಪು ತೆಗೆದು ಮೊದಲಿನದರ ಪಕ್ಕಕ್ಕೆ ಬಿಗಿದರು.

ತಾಯಿಯ ಮುಂದೆ ಮಾನ ಹೋದ ಸಿಟ್ಟು ನಮ್ಮವರಿಗೆ. “ಇಷ್ಟ ಏನ್ ನಿನ್ನ ಮಿಸ್ತ್ರಿಕಿ? ನನ್ನ ಕೂಸು ಕುಂತಿತ್ತಲ್ಲೋ ಇದರಾಗ.”

ನಾನು ಹೇಳಬೇಕಾದ ಹೊತ್ತು ಅದು. ಮಿಸ್ತ್ರಿ ನನ್ನ ಕಡೆ ನೋಡಲೂ ಇಲ್ಲ. “ತಪ್ಪು ನಂದ ಸಾವಕಾರ. ಬಿಗಿ ಮಾಡೂದು ಮರತೆ. ಅಕ್ಕಾರನ್ನ ನಾನ ಒತ್ತಾಯ ಮಾಡಿ ಕರಕೊಂಡ ಬಂದೆ” ಅಂದರು. ನಾನು ಮಗಳನ್ನು ಎತ್ತಿಕೊಂಡು ಅವಳ ಕೂದಲಲ್ಲಿ ಮುಖ ಮುಚ್ಚಿಕೊಂಡೆ.

ನಮ್ಮವರು ತಮ್ಮ ಬಟ್ಟೆ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಈ ಕತೆ ಹೇಳಿದರು. ಒಬ್ಬೊಬ್ಬರೇ ಗಿರಾಕಿಗಳು ಶೆಡ್ಡಿಗೆ ಬರುವುದನ್ನು ಬಿಟ್ಟರು. ನೀರು ಬೇಕೆಂಬ ಕೂಗು ನಿಂತಿತು. ಶ್ರಾವಣ ಬರುವುದರೊಳಗೆ ಮಿಸ್ತ್ರಿ ತಗಡು ಬಿಚ್ಚಿಕೊಂಡು ಖಾನಾಪುರದ ಕಡೆ ಹೋದರು. ಹೋಗುವ ದಿನ ಚಂಬನ್ನು ತೊಳೆದು ನಮ್ಮ ಕಟ್ಟೆಯ ಮೇಲೆ ಬೋರಲು ಹಾಕಿದ್ದರು. ನಾನು ಕಿಟಕಿಯಿಂದ ನೋಡಿದೆ, ಹೊರಗೆ ಬರಲಿಲ್ಲ.

ಬಹಳ ವರ್ಷಗಳ ಮೇಲೆ ನಂದಗಡಕ್ಕೆ ಒಂದು ಮದುವೆಗೆ ಹೋಗುವಾಗ, ಖಾನಾಪುರದಲ್ಲಿ ಬಸ್ಸಿನ ಕಿಟಕಿಯಿಂದ ಅವರನ್ನು ಕಂಡೆ. ಗಡ್ಡ ಬೆಳ್ಳಗಾಗಿತ್ತು. ಒಂದು ಜೀಪಿನ ಮುಂದೆ ಮಂಡಿಯೂರಿ ಕೂತು, ಕಣ್ಣು ಮುಚ್ಚಿಕೊಂಡು ಪೈಪಿನ ಮೇಲೆ ಬೆರಳಾಡಿಸುತ್ತಿದ್ದರು. ಯಾರ ಮೂಗನ್ನೂ ಮತ್ತೆ ನಂಬಿರಲಿಲ್ಲ ಅಂತ ಕಾಣುತ್ತದೆ... ಇಳಿದು ಒಂದು ಮಾತು ಹೇಳಬೇಕಿತ್ತು. ಬಸ್ಸು ನಿಂತೇ ಇತ್ತು. ಬರುವಾಗ ಇಳಿದರಾಯಿತು ಅಂದುಕೊಂಡೆ. ಬರುವಾಗ ನಿದ್ದೆ ಬಂದಂತೆ ಕಣ್ಣು ಮುಚ್ಚಿದೆ. ಅವರು ತೀರಿಕೊಂಡ ಸುದ್ದಿಯನ್ನು ಖಾನಾಪುರದ ನಮ್ಮವರ ಅಕ್ಕ ಯಾವುದೋ ಮಾತಿನ ನಡುವೆ ಹೇಳಿದರು. ನಮ್ಮವರೂ ಈಗಿಲ್ಲ. ಖರೇ ಸಂಗತಿ ತಿಳಿಯದೆಯೇ ಹೋದರು.

ನಿನ್ನೆ ಮೊಮ್ಮಗಳ ಕೆಲಸ ಮುಗಿಯಿತು. ಈಗಿನ ಪೆಟ್ರೋಲು ಹಳೆ ರಬ್ಬರನ್ನು ತಿಂದುಬಿಡುತ್ತದಂತೆ. ಅದಕ್ಕೇ ಟಾಕಿಯಿಂದ ಇಂಜಿನ್ನಿನವರೆಗೆ ಎಲ್ಲ ಹೊಸದು. ತನ್ನ ತಾಯಿಯನ್ನು ಖಾನಾಪುರದವರೆಗೆ ಸುತ್ತಾಡಿಸಿಕೊಂಡು ಬರುತ್ತೇನೆ ಎಂದು ಕಾರು ಚಾಲು ಮಾಡಿದಳು. ಅಂದು ಅಜ್ಜಿಯ ಹೆಗಲ ಮೇಲೆ ಮಲಗಿದ್ದ ನನ್ನ ಮಗಳು, ಈಗ ಐವತ್ತು ದಾಟಿದವಳು, ಹಿಂದಿನ ಸೀಟಿನಲ್ಲಿ ಕೂತಿದ್ದಳು. ಮೊಮ್ಮಗಳು ಕೇಳಿದಳು, “ನನಗೇನೂ ಬರವಲ್ದು. ಅಜ್ಜಿ, ನಿನಗೇನರ ವಾಸನಿ ಬರ್ತದ?”

ಇಲ್ಲ ಅನ್ನುವುದು ಎಷ್ಟು ಸುಲಭ.

“ಗಾಡಿ ಬಂದ್ ಮಾಡು” ಅಂದೆ. “ನನಗ ಮೂಗಿಲ್ಲ. ಎರಡು ವರ್ಷ ಆತು.”

ತಾಯಿ ಮಗಳು ಇಬ್ಬರೂ ನನ್ನನ್ನು ನೋಡುತ್ತಿದ್ದರು. ಭಜಿಯ ಆಸೆ ಅಲ್ಲಿಗೆ ಮುಗಿಯಿತು. ನಾನು ಬಾನೆಟ್ಟಿನೊಳಗೆ ಬಗ್ಗಿ ಒಂದೊಂದೇ ಕೂಡುವ ಕಡೆಗೆ ಬೆರಳು ಹಚ್ಚುತ್ತ ಬಂದೆ. ಒಣಗಿತ್ತು, ಒಣಗಿತ್ತು. ಕೊನೆಯದು ತಣ್ಣಗಿತ್ತೋ, ನನ್ನ ಬೆರಳೇ ತಣ್ಣಗಿತ್ತೋ ತಿಳಿಯಲಿಲ್ಲ. ಒಳಗೆ ಹೋಗಿ ಮಿಸ್ತ್ರಿಯ ಆ ಸ್ಟೀಲಿನ ಚಂಬಿನಲ್ಲಿ ನೀರು ತುಂಬಿಕೊಂಡು ಬಂದು ಆ ಮಗ್ಗುಲಿಗೆ ನೆಲದ ಮೇಲಿಟ್ಟೆ. ಮೊಮ್ಮಗಳು ಕ್ಲಾಂಪಿನ ಸ್ಕ್ರೂಗೆ ತಿರುಪುಳಿ ಹಾಕಿ ನೋಡಿದಳು. ಇನ್ನೂ ಅರ್ಧ ಸುತ್ತು ಬಾಕಿ ಇತ್ತು. ಬಿಗಿದು, ಕೈ ಒರೆಸಿಕೊಳ್ಳುತ್ತ, ನೀರು ಯಾರಿಗೆ ಎಂದು ಕೇಳಿದಳು.

ಕಟ್ಟೆಯ ಮೇಲೆ ಕೂತು ಇಬ್ಬರಿಗೂ ಎಲ್ಲ ಹೇಳಿದೆ. ತಾಯಿ ಮಗಳು ಕಾರಿನಲ್ಲಿ ಹೊರಟು ಹೋದ ಮೇಲೆ ಚಂಬು ಅಲ್ಲೇ ಇತ್ತು, ಕುಡಿಯುವವರಿಲ್ಲದೆ, ತುಂಬಿದ್ದು ತುಂಬಿದ ಹಾಗೆ...