ಸ್ಟಿಕರ್ ಕಿತ್ತ ಚಿಪ್

ವಾರ್ನಿಷ್ ಕಾರ್ಖಾನೆಯಲ್ಲಿ ವೈರಿಂಗ್ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ವೈರಕ್ಕ ಎಂದೇ ಕರೆಯುತ್ತಿದ್ದರು. ಎಣ್ಣೆ ಕಾಯಿಸುವ ಕೊಪ್ಪರಿಗೆಯ ಕಾವಲಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಕಾವು ಮುನ್ನೂರು ಡಿಗ್ರಿ ದಾಟಿದರೆ ಅದು ಗಂಟೆ ಬಾರಿಸಬೇಕು. ಇಲ್ಲದಿದ್ದರೆ ಎಣ್ಣೆ ಹೊತ್ತಿಕೊಳ್ಳುತ್ತದೆ. ಕೊಪ್ಪರಿಗೆಯ ಮುಂದೆ ದಿನವಿಡೀ ನಿಲ್ಲುವವನು ಅವಳ ಸ್ವಂತ ಅಣ್ಣ.

ಕಂಪ್ಯೂಟರಿಗೆ ಹೇಳಿಕೊಟ್ಟದ್ದನ್ನು ಯಾವುದರಲ್ಲಿ ಬರೆದಿಡುವುದು? ಫ್ಲಾಪಿ ಹಾಕಿದರು, ಬಣ್ಣದ ಪುಡಿ ಮೆತ್ತಿ ವಾರಕ್ಕೊಂದು ಸಾಯುತ್ತಿತ್ತು. ಕ್ಯಾಸೆಟ್ಟಿನ ಟೇಪು ಸೆಕೆಗೆ ಸುರುಟಿತು. ಕೊನೆಗೆ ವೈರಕ್ಕ ಪಟ್ಟು ಹಿಡಿದು ಚಿಪ್ ತರಿಸಿದಳು. ಕರೆಂಟು ಹೋದರೂ ಬರೆದದ್ದು ಉಳಿಯುತ್ತದೆ, ಧೂಳಿಗೂ ಜಗ್ಗುವುದಿಲ್ಲ. ಕುಂದು ಒಂದೇ: ಅದರ ಬೆನ್ನಿಗೆ ಬಟಾಣಿಯಷ್ಟು ಗಾಜಿತ್ತು, ಆ ಗಾಜಿಗೆ ಬಿಸಿಲು ಬಿದ್ದರೆ ಒಳಗೆ ಬರೆದದ್ದು ಮೆಲ್ಲಗೆ ಅಳಿಸಿಹೋಗುತ್ತಿತ್ತು. ಅದಕ್ಕೇ ಮೇಲೊಂದು ಕಪ್ಪು ಸ್ಟಿಕರ್. ಈ ಕುಂದನ್ನು ಹೇಳಿದರೆ ಮ್ಯಾನೇಜರು ಚಿಪ್ ಬೇಡ ಎಂದುಬಿಟ್ಟಾರು ಎಂದು ಈ ಜಾಣೆ ತುಟಿ ಪಿಟಕ್ಕೆನ್ನಲಿಲ್ಲ, ಅಣ್ಣನ ಹತ್ತಿರವೂ. ಧೂಳು ಕೂರಬಾರದು, ಧೂಳು ಕೂರಬಾರದು ಎಂದು ಮಾತ್ರ ಅವನ ತಲೆ ತಿಂದಳು.

ಒಂದು ಮಧ್ಯಾಹ್ನ ಬಂದು ನೋಡಿದರೆ, ಅಣ್ಣ ಸೆಕೆಗೆಂದು ಕಂಪ್ಯೂಟರ್ ಪೆಟ್ಟಿಗೆಯ ಮುಚ್ಚಳ ತೆಗೆದು, ಪೆಟ್ಟಿಗೆಯನ್ನು ತೆರೆದ ಕಿಟಕಿಯ ಬಳಿ ಇಟ್ಟಿದ್ದಾನೆ. ಗಾಜು ಬಿಸಿಲಿಗೆ ಹೊಳೆಯುತ್ತಿದೆ.

"ಸ್ಟಿಕರ್ ಎಲ್ಲಣ್ಣ?"

"ಅದರ ಅಂಚಲ್ಲೇ ಧೂಳು ಕೂತಿತ್ತು ಕಣೆ. ಕಿತ್ತು ಚೆನ್ನಾಗಿ ಒರೆಸಿದೀನಿ. ಹದಿನೈದು ದಿನ ಆಯ್ತು, ಈಗ ನೋಡ್ತಿದೀಯಾ?"

ಅವಳ ಕಣ್ಣು ಗೋಡೆಯ ಹಳೆಯ ಮಾಪಕಕ್ಕೆ ಹೋಯಿತು. ಮುಳ್ಳು ಮುನ್ನೂರಿಪ್ಪತ್ತರ ಹತ್ತಿರ. ಕೊಪ್ಪರಿಗೆಯ ಮೇಲೆ ನೀಲಿ ಹೊಗೆ. ಗಂಟೆ ಸುಮ್ಮನಿದೆ.

"ಕಾವು ನೋಡಿದ್ಯಾ?"

"ನಾನ್ಯಾಕೆ ನೋಡ್ಲಿ? ಗಂಟೆ ಹೊಡ್ದಿಲ್ಲ ಅಂದ್ರೆ ಎಲ್ಲ ಸರಿಯಾಗೇ ಇದೆ. ನೀನೇ ತಾನೆ ಹಾಕಿರೋದು."

ಅವಳು ಅವನನ್ನು ಬಾಗಿಲಾಚೆ ದಬ್ಬಿ ಗ್ಯಾಸಿನ ತಿರುಪಿಗೆ ಕೈ ಹಾಕಿದಳು. ಬೆವೆತ ಕೈ ಎರಡು ಸಲ ಜಾರಿತು. ಮೂರನೆಯ ಸಲ ತಿರುಗಿತು, ಉರಿ ಆರಿತು. ಹೊಗೆ ತೆಳುವಾಗುವ ತನಕ ಅವಳು ಅಲ್ಲೇ ನಿಂತಿದ್ದಳು.

"ಬಿಸಿಲಿಗೆ ಅಳಿಸಿಹೋಗಿದೆ ಅಣ್ಣ," ಎಂದಳು ಹೊರಗೆ ಬಂದು.

ಅಷ್ಟರಲ್ಲಿ ಹೊಗೆ ಕಂಡು ಮ್ಯಾನೇಜರು ಓಡಿಬಂದರು. "ಗಂಟೆ ಯಾಕೆ ಹೊಡೀಲಿಲ್ಲ?"

ತಂಗಿಗಿಂತ ಮೊದಲು ಅಣ್ಣನೇ ಬಾಯಿಬಿಟ್ಟ. "ಸ್ಟಿಕರ್ ಕಿತ್ತಿದ್ದು ನಾನು ಸಾರ್. ಬಿಸಿಲಿಗೆ ಹೀಗಾಗುತ್ತೆ ಅಂತ ಇವಳಿಗೂ ಗೊತ್ತಿರಲಿಲ್ಲ. ಗೊತ್ತಿದ್ರೆ ನನಗೆ ಹೇಳದೇ ಇರ್ತಿದ್ಲಾ?"

ಮ್ಯಾನೇಜರು ತಲೆಯಾಡಿಸಿದರು. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಗೊತ್ತಿತ್ತು," ಎಂದಳು ವೈರಕ್ಕ.

ಅಣ್ಣ ಒಳಗೆ ಹೋಗಿ, ಅವಳಿಗೆ ಬೆನ್ನು ಮಾಡಿ, ಮಾಪಕದ ಮುಳ್ಳನ್ನೇ ನೋಡುತ್ತ ನಿಂತ.