ಮೂರನೇ ಬೀದಿ, ಒಂಬತ್ತನೇ ನಂಬರು

ಊರಿನಲ್ಲಿ ಅವಳಿಗೆ ಬೀಗದಕ್ಕ ಎಂದೇ ಹೆಸರು. ಕಡಲತೀರದ ಹದಿನೆಂಟು ರಜೆಮನೆಗಳ ಬೀಗದ ಕೈಗಳು ಅವಳ ಸೊಂಟದ ಚೀಲದಲ್ಲಿದ್ದವು. ಹನ್ನೊಂದಕ್ಕೆ ಒಂದು ಪ್ರವಾಸಿ ಸಂಸಾರ ಹೊರಟರೆ ಎರಡಕ್ಕೆ ಇನ್ನೊಂದು ಬಂದಿಳಿಯುತ್ತಿತ್ತು. ನಡುವಿನ ಮೂರು ತಾಸಿನಲ್ಲಿ ಅವಳು ಚಾದರ ಬದಲಿಸಬೇಕು, ಬಚ್ಚಲ ಜಾಲರಿಗೆ ಸಿಕ್ಕಿಕೊಂಡ ಮರಳು ಕೆರೆಯಬೇಕು, ಕನ್ನಡಿಗೆ ಹಿಡಿದ ಉಪ್ಪಿನ ಪೊರೆ ಒರೆಸಬೇಕು. ಮಂಚದಡಿ ಯಾರೋ ಮರೆತ ಮಗುವಿನ ಕಾಲುಚೀಲ ಸಿಕ್ಕರೆ ಮಾತ್ರ ಎಸೆಯಲು ಮನಸ್ಸು ಬರುತ್ತಿರಲಿಲ್ಲ. ಅಂಥವನ್ನು ಒಗೆದು, ಒಂದು ಡಬ್ಬಿಯಲ್ಲಿ ಇಟ್ಟಿದ್ದಳು.

"ಊರಿಗೆಲ್ಲ ಒಡತಿ ನೀನು. ನಾನು ನಿನ್ನ ಕೈಯಲ್ಲಿ ಬಾಡಿಗೆಗಿರೋನು," ಎಂದು ಅವಳ ಗಂಡ ಛೇಡಿಸುತ್ತಿದ್ದ. ಅವನು ದೋಣಿ ಎಂಜಿನ್ ರಿಪೇರಿಯವನು.

ಅವರಿದ್ದ ಬಾಡಿಗೆ ಮನೆ ಮೂರನೇ ಬೀದಿಯಲ್ಲಿತ್ತು. ಎರಡು ಕೋಣೆ, ಅಡುಗೆಮನೆ, ಹಿಂದೆ ಬಚ್ಚಲು. ಅವಳ ಅತ್ತೆಗೆ ಕಣ್ಣು ಹೋಗಿ ಮೂರು ವರ್ಷವಾಗಿತ್ತು. ಮಂಚದಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ, ಒಲೆಕಟ್ಟೆಗೆ ಏಳು, ಬಾಗಿಲಿಗೆ ಒಂಬತ್ತು. ಗೋಡೆಯ ಮೇಲೆ ಬಲಗೈ ಸವರುತ್ತ ಮುದುಕಿ ಮನೆಯೆಲ್ಲ ಓಡಾಡುತ್ತಿದ್ದಳು. ಮೊಮ್ಮಗಳಿಗೆ ತಲೆ ಬಾಚುತ್ತಿದ್ದಳು, ಹಾಲು ಕಾಯಿಸುತ್ತಿದ್ದಳು. ಈ ಮನೆ ಬಿಟ್ಟರೆ ಅತ್ತೆ ಮಂಚ ಹಿಡಿದುಬಿಡುತ್ತಾಳೆ ಎನ್ನುವುದು ಬೀಗದಕ್ಕನಿಗೆ ಗೊತ್ತಿತ್ತು. ಅದನ್ನು ನೆನೆಯಲೇಬಾರದು ಎಂದುಕೊಳ್ಳುತ್ತಿದ್ದಳು.

ನೆನೆಯದಿರಲು ಬೀದಿ ಬಿಡುತ್ತಿರಲಿಲ್ಲ. ಎದುರು ಮನೆಯ ಟೈಲರ್ ಮಾವ ಹೊಲಿಗೆ ಮಿಷನ್ನನ್ನು ತಳ್ಳುಗಾಡಿಗೆ ಹೇರಿಕೊಂಡು ಬಸ್ ನಿಲ್ದಾಣದಾಚೆ ಹೋದ. ಮೂಲೆಮನೆಯ ನರ್ಸಮ್ಮನೂ ಮನೆ ಖಾಲಿ ಮಾಡಿದಳು. ಹದಿನಾಲ್ಕು ಮನೆಯಲ್ಲಿ ಹತ್ತು ರಜೆಮನೆಗಳಾಗಿದ್ದವು. ಸೀಸನ್ ಮುಗಿದರೆ ಬೀದಿಗೆ ಬೀದಿಯೇ ಬೀಗ. ತಿಂಗಳ ಬಾಡಿಗೆಗೆ ಮನೆ ಇದೆಯಾ ಎಂದರೆ ಜನ ನಗುತ್ತಿದ್ದರು. "ಯಾವ ಕಾಲದಲ್ಲಿದ್ದೀ ತಾಯಿ? ಈಗ ಎಲ್ಲ ದಿನದ ಬಾಡಿಗೆ."

ಭಯಕ್ಕೆ ಅವಳು ಕಂಡುಕೊಂಡಿದ್ದ ಮದ್ದು ಒಂದೇ. ಒಳ್ಳೆಯ ಬಾಡಿಗೆಯವರನ್ನು ಯಾರೂ ಎಬ್ಬಿಸುವುದಿಲ್ಲ ಎಂದುಕೊಂಡು ಮನೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಉಪ್ಪುಗಾಳಿಗೆ ಉದುರುವ ಗೋಡೆಯನ್ನು ವರ್ಷವರ್ಷ ತಾನೇ ಕೆರೆದು ಸುಣ್ಣ ಹೊಡೆದಳು. ರಜೆಮನೆಯೊಂದರಲ್ಲಿ ಉಳಿದ ನೀಲಿ ಬಣ್ಣ ಕೇಳಿ ತಂದು ಕಿಟಕಿಗಳಿಗೆ ಬಳಿದಳು. ಮೆಟ್ಟಿಲ ಪಕ್ಕ ಬಿಳಿಹೂವಿನ ಬಳ್ಳಿ ಹಬ್ಬಿಸಿದಳು. ಮನೆಯೊಡತಿ ದೂರದ ಪಟ್ಟಣದಲ್ಲಿದ್ದ ನಿವೃತ್ತ ಟೀಚರಮ್ಮ. ಆರು ತಿಂಗಳ ಹಿಂದೆ ಒಮ್ಮೆ ಬಂದವರು ಚಹಾ ಕುಡಿದು, ಕಿಟಕಿ ನೋಡಿ, ಬಳ್ಳಿ ನೋಡಿ, "ಎಷ್ಟು ಚೆಂದ ಇಟ್ಕೊಂಡಿದ್ದೀಯಮ್ಮ. ಇದು ನನ್ನ ಮನೆ ಅಂತಲೇ ಅನಿಸ್ತಿಲ್ಲ," ಎಂದರು. ಹೋಗುವಾಗ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದುಕೊಂಡರು. ಬೀಗದಕ್ಕ ಎರಡು ದಿನ ಆ ಮಾತಿನಲ್ಲೇ ತೇಲಾಡಿದಳು.

ಮಾರಾಟದ ಮನೆಗಳನ್ನು ಫೋಟೊಗೆ ಅಣಿಮಾಡುವ ಕೆಲಸವೂ ಅವಳಿಗೆ ಬರುತ್ತಿತ್ತು. ಔಷಧಿ ಡಬ್ಬಿ, ಚಪ್ಪಲಿ, ಗೋಡೆಯ ಕ್ಯಾಲೆಂಡರು ಎಲ್ಲ ಒಳಗಿಡಬೇಕು. ಮೇಜಿನ ಮೇಲೆ ಒಂದು ಬಟ್ಟಲು ನಿಂಬೆಹಣ್ಣು ಸಾಕು. ಅಲ್ಲಿ ಯಾರೂ ಬಾಳಿಲ್ಲ ಎನ್ನುವ ಹಾಗೆ ಕಾಣಬೇಕು. ನೋಡಿದವರಿಗೆ ಅಲ್ಲೇ ಬಾಳಬೇಕು ಅನಿಸಬೇಕು. ಹೊಸ ಬ್ರೋಕರ್ ಅವಳ ಮುಖ ನೋಡಿರಲಿಲ್ಲ. ಫೋನಿನಲ್ಲೇ ನಂಬರು ಹೇಳುತ್ತಿದ್ದ, ಇವಳು ಹೋಗುತ್ತಿದ್ದಳು.

ಆ ಗುರುವಾರ ಮಧ್ಯಾಹ್ನ ಅವನ ಫೋನು ಬಂದಾಗ ಅವಳು ದಿಂಬಿಗೆ ಗವಸು ಹಾಕುತ್ತಿದ್ದಳು.

"ಅಕ್ಕಾ, ನಾಳೆ ಹತ್ತು ಗಂಟೆಗೆ ಒಂದು ಮನೆ. ಮೂರನೇ ಬೀದಿ, ಒಂಬತ್ತನೇ ನಂಬರು. ಒಳಗೆ ಬಾಡಿಗೆಯವರು ಇದ್ದಾರಂತೆ. ಸ್ವಲ್ಪ ಮೆತ್ತಗೆ ಮಾತಾಡಿ ಸಾಮಾನು ಬದಿಗೆ ಸರಿಸಿಬಿಡಿ. ಅದೆಲ್ಲ ನಿಮಗೆ ಚೆನ್ನಾಗಿ ಬರುತ್ತಲ್ಲ."

ಅದು ಅವಳದೇ ಮನೆ. "ಹೂಂ," ಎಂದಳು. ಗವಸು ಹಾಕಿದ್ದ ದಿಂಬಿಗೇ ಎರಡನೇ ಗವಸು ಹಾಕಿದಳು.

ಸಂಜೆ ಗಂಡನನ್ನು ಅಂಗಳಕ್ಕೆ ಕರೆದು ಹೇಳಿದಳು. ಅವನು ಕೈಯ ಗ್ರೀಸು ಒರೆಸಿಕೊಂಡ.

"ನೀನೇ ತಾನೇ ಸಿಂಗಾರ ಮಾಡಿದ್ದು. ನೀನೇ ಕೆಡಿಸು," ಎಂದ. "ಅಲ್ಮೇರಾ ಸರಿಸಿದರೆ ಹಿಂದಿನ ತೇವ ಕಾಣುತ್ತೆ. ನನ್ನ ಹಳೇ ಎಂಜಿನ್ನು ತಂದು ನಡುಮನೆಯಲ್ಲಿ ಇಡ್ತೀನಿ. ನೋಡಿದವನು ಮೂಗು ಮುಚ್ಕೊಂಡು ಓಡಬೇಕು."

"ಅತ್ತೆಗೆ ಏನು ಹೇಳೋದು?"

"ಈಗಲೇ ಯಾಕೆ ಅವಳ ಎದೆ ಒಡೆಯೋದು? ಸುಮ್ಮನಿರು."

ಬೆಳಿಗ್ಗೆ ಮಗಳನ್ನು ಶಾಲೆಗೆ ಕಳಿಸಿ, ಅತ್ತೆ ಹಿತ್ತಲಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದಾಗ ಇಬ್ಬರೂ ಅಲ್ಮೇರಾ ತಳ್ಳಿದರು. ಕಪ್ಪು ತೇವ ಗೋಡೆಯುದ್ದ ಕಾಣಿಸಿಕೊಂಡಿತು. ಎಂಜಿನ್ನು ನಡುಮನೆಗೆ ಬಂತು. ಗಂಡ ಕೆಲಸಕ್ಕೆ ಹೊರಟ. ಬೀಗದಕ್ಕ ಬಳ್ಳಿ ಕಿತ್ತೆಸೆಯೋಣವೆಂದು ಮೆಟ್ಟಿಲಿಗೆ ಹೋದಳು, ಕೈ ಬರಲಿಲ್ಲ. ಅಷ್ಟರಲ್ಲಿ ಒಳಗೆ ಧಡ್ ಎಂದು ಸದ್ದಾಯಿತು.

ಅತ್ತೆ ಅಲ್ಮೇರಾದ ಬುಡದಲ್ಲಿ ಕೂತಿದ್ದಳು. ಹುಬ್ಬಿನ ಮೇಲೆ ರಕ್ತ. ಅದಕ್ಕಿಂತ ಮೊದಲು ಬೀಗದಕ್ಕ ನೋಡಿದ್ದು ಅವಳ ಕೈಗಳನ್ನು. ಅವು ಗಾಳಿಯಲ್ಲಿ ಗೋಡೆಯನ್ನು ಹುಡುಕುತ್ತಿದ್ದವು, ಸಿಗುತ್ತಿರಲಿಲ್ಲ.

"ನಾನೆಲ್ಲಿದ್ದೀನೇ?" ಎಂದಳು ಅತ್ತೆ. ಅಷ್ಟು ಸಣ್ಣ ದನಿ ಅವಳಿಗಿದೆಯೆಂದು ಸೊಸೆಗೆ ಗೊತ್ತೇ ಇರಲಿಲ್ಲ.

ಗಾಯ ತೊಳೆದು ಪಟ್ಟಿ ಅಂಟಿಸಿದಳು. ನೀರು ಕುಡಿಸಿ ಮಂಚದ ಮೇಲೆ ಕೂರಿಸಿದಳು. ಆಮೇಲೆ ಬೆನ್ನು ಕೊಟ್ಟು ಒಬ್ಬಳೇ ಅಲ್ಮೇರಾವನ್ನು ಇದ್ದಲ್ಲಿಗೇ ನೂಕಿದಳು. ಎಂಜಿನ್ನನ್ನು ಗೋಣಿಚೀಲದ ಮೇಲೆ ಎಳೆದು ಹೊರಗೆ ಹಾಕಿದಳು. ಮುಚ್ಚಿಟ್ಟು ಸಾಕಾಗಿತ್ತು. ಟೀಚರಮ್ಮನಿಗೆ ಫೋನು ಮಾಡಿದಳು.

"ಮನೆ ಮಾರ್ತಿದ್ದೀರಾ?"

"ನಿನಗೆ ಹೇಳ್ಬೇಕು ಅಂತಲೇ ಇದ್ದೆ ಕಣಮ್ಮ. ಬಾಯೇ ಬರಲಿಲ್ಲ. ನನ್ನ ಮೊಬೈಲಲ್ಲಿ ಫೋಟೊ ನೋಡಿದವರೆಲ್ಲ ಕೊಡಿ ಕೊಡಿ ಅಂತ ಹಿಂದೆ ಬಿದ್ದರು. ನನ್ನದೂ ಮಂಡಿ ಆಪರೇಷನ್ ಇದೆ."

"ಎಷ್ಟು ದಿನ ಇದೆ ನಮಗೆ?"

"ಮಗಳ ಪರೀಕ್ಷೆ ಮುಗಿಯೋವರೆಗೂ ಯಾರೂ ಎಬ್ಬಿಸಲ್ಲ. ಅಷ್ಟನ್ನು ಕರಾರಿನಲ್ಲಿ ಬರೆಸ್ಕೋತೀನಿ."

ನಾಲ್ಕು ತಿಂಗಳು. ಬಾಗಿಲಲ್ಲಿ ಬ್ರೋಕರ್ ಬಂದು ನಿಂತಿದ್ದ, ಹಿಂದೆ ಕ್ಯಾಮೆರಾದವನು. ಸೊಂಟದ ಬೀಗದ ಕೈ ಚೀಲದಿಂದಲೇ ಅವಳ ಗುರುತು ಹಿಡಿದ. "ಅಕ್ಕಾ, ನೀವು ಆಗಲೇ ಬಂದ್ರಾ? ಬಾಡಿಗೆಯವರೆಲ್ಲಿ?"

"ನಾವೇ ಬಾಡಿಗೆಯವರು."

ಅವನು ಕತ್ತು ತಗ್ಗಿಸಿ ಚಪ್ಪಲಿ ಬಿಟ್ಟ. ಆಮೇಲೆ ತಡವರಿಸುತ್ತ, "ಅಜ್ಜಿಯನ್ನು ಹತ್ತು ನಿಮಿಷ ಹೊರಗೆ ಕೂರಿಸಿದರೆ..." ಎಂದ.

"ಅವರು ಈಗಷ್ಟೇ ಬಿದ್ದಿದ್ದಾರೆ. ಏಳಲ್ಲ. ಆ ಕೋಣೆ ಬಿಟ್ಟು ಮಿಕ್ಕದ್ದು ತೆಗೀರಿ."

ಅವಳು ಒಳಕೋಣೆಯ ಬಾಗಿಲು ಮುಚ್ಚಿ ಅತ್ತೆಯ ಪಕ್ಕ ಕೂತಳು. ಆಚೆ ಕ್ಯಾಮೆರಾ ಕ್ಲಿಕ್ಕೆನ್ನುತ್ತಿತ್ತು. ಅತ್ತೆ ಕಿವಿಗೊಟ್ಟು ಕೇಳಿದಳು.

"ಎದುರು ಮನೆಯಲ್ಲೂ ಹೀಗೇ ಸದ್ದಾಗಿತ್ತು," ಎಂದಳು. "ನಮ್ಮದೂ ಹೋಯ್ತಾ?"

ಇಲ್ಲ ಎನ್ನಲು ಬೀಗದಕ್ಕ ಬಾಯಿ ತೆರೆದಳು, ಆದರೆ ಹೇಳಿದ್ದು ಬೇರೆ. "ಹೂಂ ಅತ್ತೆ. ಪರೀಕ್ಷೆ ಮುಗಿಯೋವರೆಗೆ ಅಷ್ಟೇ."

ಮುದುಕಿ ಸೊಸೆಯ ಮಣಿಕಟ್ಟನ್ನು ಹುಡುಕಿ ಹಿಡಿದುಕೊಂಡಳು. ಉಗುರು ನಾಟುವಷ್ಟು ಬಿಗಿ. "ಹೊಸ ಮನೆ ನೋಡೋಕೆ ಹೋಗುವಾಗ ನನ್ನನ್ನೂ ಕರಕೊಂಡು ಹೋಗು," ಎಂದಳು. "ಪರೀಕ್ಷೆಗೆ ಇನ್ನೂ ನಾಲ್ಕು ತಿಂಗಳಿದೆಯಲ್ಲ. ಬೇಗ ಸಿಕ್ಕರೆ ದಿನಾ ಹೋಗಿ ಅಭ್ಯಾಸ ಮಾಡ್ಕೋತೀನಿ. ನನಗೆ ಭಯ ಆಗ್ತಿದೆ ಕಣೇ."

"ನನಗೂ," ಎಂದಳು ಬೀಗದಕ್ಕ. ಕೈ ಬಿಡಿಸಿಕೊಳ್ಳಲಿಲ್ಲ.