ಲಿಲ್ಲಿ ಬಾಯಿಗೆ ಕೇಳಿಸದ ಕರೆ

ಕಳಸದಲ್ಲಿ ಬಸ್ ಇಳಿಯುವಷ್ಟರಲ್ಲಿ ಮಳೆ ಶುರುವಾಗಿತ್ತು. ಊರವರೆಲ್ಲ ಬಳಸುವ ಚರ್ಚಿನ ಸಿಮೆಂಟ್ ಕಣದಲ್ಲಿ ಒಣಗಲು ಹಾಕಿದ್ದ ನನ್ನ ಕಾಫಿ ಕೆಟ್ಟಿತೆಂದುಕೊಂಡೇ ಓಡಿದೆ. ನೋಡಿದರೆ ಹೈಸ್ಕೂಲ್ ಟೀಚರ್ ಲಿಲ್ಲಿ ಬಾಯಿ ಒಬ್ಬರೇ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಫಿಯ ಮೇಲೆ ಟಾರ್ಪಾಲು ಎಳೆಯುತ್ತಿದ್ದರು.

“ನೋಡ್ತಾ ನಿಂತ್ರಲ್ಲ, ಆ ತುದಿ ಹಿಡೀರಿ ಮಾರಾಯ್ರೆ!”

ಹಿಡಿದೆ. ಪಕ್ಕದ ಹಾಲ್‌ನಲ್ಲಿ ‘ನಿತ್ಯದ ಕೆಲಸದಲ್ಲಿ ದೇವರ ಕರೆ’ ಎಂಬ ಶಿಬಿರ ನಡೆಯುತ್ತಿತ್ತು. ಎಲ್ಲರೂ ಕಣ್ಣು ಮುಚ್ಚಿ ಕರೆಗಾಗಿ ಕಾಯುತ್ತಿದ್ದರು. ಆಗಾಗ ಒಂದೊಂದು ಕಣ್ಣು ಮೆಲ್ಲಗೆ ತೆರೆದು, ನೆನೆಯುತ್ತಿರುವುದು ಯಾರ ಕಾಫಿಯೆಂದು ಕಿಟಕಿಯಿಂದ ನೋಡಿ, ತಮ್ಮದಲ್ಲವೆಂದು ಖಾತ್ರಿಯಾದ ಮೇಲೆ ಭಕ್ತಿಯಿಂದ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಮಠದಲ್ಲೂ ಇಂಥ ಧ್ಯಾನಿಗಳಿಗೆ ಬರವಿಲ್ಲ ಬಿಡಿ.

ಶಿಬಿರದ ನಡುವೆಯೇ ಎದ್ದು ಬಂದಿದ್ದ ಲಿಲ್ಲಿ ಬಾಯಿ ಮತ್ತೆ ಒಳಗೆ ಹೋದರು. ಮಳೆ ಬಿಡಲೆಂದು ನಾನು ಹಾಲ್‌ನ ಜಗುಲಿಯಲ್ಲೇ ನಿಂತೆ. ಧ್ಯಾನ ಮುಗಿಸಿ, ಯಾರಿಗೆ ಯಾವ ಕರೆ ಕೇಳಿಸಿತೆಂದು ಫಾದರ್ ವಿಚಾರಿಸಿದರು. ಒಬ್ಬೊಬ್ಬರೇ ಎದ್ದು ನೆರೆಯವರ ಸೇವೆಯೇ ತಮ್ಮ ಕರೆಯೆಂದು ಗದ್ಗದಿತರಾಗಿ ಹೇಳಿದರು. ಒಬ್ಬರ ಬಟ್ಟೆಯೂ ಒದ್ದೆಯಾಗಿರಲಿಲ್ಲ. ಕೊನೆಗೆ ಲಿಲ್ಲಿ ಬಾಯಿಯ ಸರದಿ.

“ನಂಗೇನೂ ಕೇಳಿಸ್ಲಿಲ್ಲ ಫಾದರ್, ನಾನು ಹೊರಗಿದ್ನಲ್ಲ,” ಎಂದರು ಸೆರಗು ಹಿಂಡುತ್ತಾ.

“ಪರವಾಗಿಲ್ಲ ಬಾಯಿ, ಮುಂದಿನ ಸಲ ಒಳಗೇ ಕೂತ್ಕೊಳ್ಳಿ,” ಎಂದು ಫಾದರ್ ಸಮಾಧಾನ ಹೇಳಿದರು.

ಮುಂದಿನ ಸಲವೂ ಆಯಮ್ಮನಿಗೆ ಯಾವ ಕರೆಯೂ ಕೇಳಿಸದಿರಲಿ ಎಂದು ಅಂದು ಸಂಜೆ ನಮ್ಮ ಶಿವನ ಮುಂದೆ ಬೇಡಿಕೊಂಡೆ. ಕಣ್ಣು ಬಿಟ್ಟುಕೊಂಡೇ.